ಗಂಟಲಿಗೆ ಬಂದ ದನಿ

ಚೆಟ್ಟಳ್ಳಿ
ನವೆಂಬರ್ 18, 2024

ಪ್ರೀತಿಯ ಅಕ್ಕನಿಗೆ ಪ್ರೇಮಾ ಮಾಡುವ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ ಎಂದು ಬರೆಯುವ ಹಾಗಿದ್ದರೆ ಎಂದೋ ಬರೆಯುತ್ತಿದ್ದೆ. ತಡವಾಯಿತು, ಸಿಟ್ಟು ಮಾಡಬೇಡ. ಫೋನು ಎತ್ತುವುದಿಲ್ಲವೆಂದು ನಿನಗೆ ಬೇಸರವಾಗಿದೆಯಂತೆ. ಭಾವ ಕುಶಾಲನಗರದಲ್ಲಿ ಸಿಕ್ಕಿ ಇವರ ಹತ್ತಿರ ಹೇಳಿದರಂತೆ. ಕಳೆದ ಸಲ ನಾನು ಮಾತಾಡಿದಾಗ ನೀನು, “ಯಾರಮ್ಮ ನೀವು? ಪ್ರೇಮಾಗೆ ಕೊಡಿ” ಎಂದೆ. ಆಮೇಲೆ ನಿನ್ನ ಜೊತೆ ಮಾತಾಡಲು ಧೈರ್ಯ ಬರಲಿಲ್ಲ. ಅದಕ್ಕೇ ಈ ಕಾಗದ.

ಅತ್ತೆ ತೀರಿಕೊಂಡ ಮೇಲೆ ಬಂದ ಮಳೆಗಾಲದಲ್ಲಿ ಶುರುವಾಯಿತು. ಮುಖ ಊದಿಕೊಂಡಿತು, ಕೂದಲು ಉದುರಿತು, ಬಿಸಿಲಲ್ಲೂ ಸ್ವೆಟರ್ ಬೇಕಾಯಿತು. ದನಿ ದಪ್ಪವಾಯಿತು. ಒಂದು ದಿನ ಕಳೆ ತೆಗೆಯಲು ಹೊರಟಿದ್ದ ಮುದ್ದಿಯನ್ನು ಜಗಲಿಯಿಂದ ಕರೆದೆ. ಅತ್ತೆಯ ಕಾಲದಿಂದ ಈ ತೋಟದಲ್ಲಿ ದುಡಿಯುವವಳು. ತಿರುಗಿ ನೋಡದೆಯೇ ಕತ್ತಿ ಕೆಳಗಿಟ್ಟು, “ಬಂದೆ ದೊಡ್ಡವ್ವ” ಎಂದಳು. ಅತ್ತೆಯನ್ನು ಅವಳು ಕರೆಯುತ್ತಿದ್ದುದು ಹಾಗೆ. ಆಮೇಲೆ ನನ್ನ ಮುಖ ನೋಡಿ ಕೈಮುಗಿದು ನಿಂತುಬಿಟ್ಟಳು.

ಇವರ ವಿಷಯ ನಿನಗೆ ಗೊತ್ತಲ್ಲ, ಮನೆಯಲ್ಲಿ ಮಾತು ಕಡಿಮೆ. ತೋಟದ ರೈಟರ್ ಕೆಲಸ, ಬೆಳಗ್ಗೆ ಆಳುಗಳ ಹಾಜರಿ ಹಾಕಲು ಹೋದರೆ ಬರುವುದು ಸಂಜೆಗೆ. ಅವತ್ತು ಅಡುಗೆಮನೆಯಿಂದ “ಕಾಫಿ ಆಯ್ತು” ಎಂದೆ. “ಬಂದೆ ಅವ್ವ” ಎನ್ನುತ್ತಾ ಬಂದರು. ತಪ್ಪು ಗೊತ್ತಾದರೂ ನಗಲಿಲ್ಲ. ಮಣೆ ಎಳೆದುಕೊಂಡು, ನನಗೆ ಬೆನ್ನು ಮಾಡಿ ಕೂತರು. ಮರುದಿನವೂ ಹಾಗೆಯೇ. ಅತ್ತೆಯ ಜೀವ ಹೋಗುವಾಗ ಇವರು ಸಿದ್ದಾಪುರದಲ್ಲಿದ್ದರು, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಂದು ಸಂಜೆ ಗೋಡೆ ನೋಡಿಕೊಂಡೇ ಕೇಳಿದರು: “ಅವ್ವ, ಕೊನೆಗೆ ನನ್ನ ಕೇಳಿದ್ಯಾ?”

“ಇಲ್ಲ ಮಗ, ನಿದ್ದೆ ಬಂದಿತ್ತು” ಎಂದೆ.

ಅಕ್ಕ, ಆಣೆ ಮಾಡಿ ಹೇಳುತ್ತೇನೆ, ಆ ಮಾತನ್ನು ನಾನು ಯೋಚಿಸಿ ಆಡಲಿಲ್ಲ. ‘ಮಗ’ ಎನ್ನುವುದು ನನ್ನ ಬಾಯಲ್ಲಿ ಬರುವ ಮಾತೂ ಅಲ್ಲ. ಯಾರನ್ನು ಹಾಗೆ ಕರೆಯಲಿ ನಾನು?

ಹೆದರಿ ಮಡಿಕೇರಿಗೆ ಹೋಗಿ ಸಂಹಿತಾ ಡಾಕ್ಟರಿಗೆ ತೋರಿಸಿದೆ. ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಟಿಎಸ್‌ಎಚ್ ತುಂಬ ಏರಿದೆ, ದನಿ ದಪ್ಪವಾಗುವುದೂ ಅದರಿಂದಲೇ ಎಂದರು. ಬರಿಹೊಟ್ಟೆಯಲ್ಲಿ ಮಾತ್ರೆ, ಆಮೇಲೆ ಒಂದು ಗಂಟೆ ಕಾಫಿ ಮುಟ್ಟಬಾರದು. ಕಾಫಿ ತೋಟದವಳಿಗೆ ಇದೆಂಥ ಪಥ್ಯ ಎಂದು ನಕ್ಕೆ. ಐವತ್ತರ ಮಾತ್ರೆಯಲ್ಲಿ ಶುರು ಮಾಡಿ, ಆರು ವಾರ ಬಿಟ್ಟು ಮತ್ತೆ ರಕ್ತ ನೋಡಿ ಎಪ್ಪತ್ತೈದಕ್ಕೆ ಏರಿಸಿದರು. ಮುಖದ ಊತ ಇಳಿಯಿತು. ಒಂದು ಬೆಳಗ್ಗೆ ಹಾಲಿನವನನ್ನು ಕೂಗಿದರೆ, ನನ್ನದೇ ದನಿ. ಕಣ್ಣಲ್ಲಿ ನೀರು ಬಂತು.

ಸಂಜೆ ಆ ದನಿಯಲ್ಲೇ “ಕಾಫಿ ಆಯ್ತು” ಎಂದೆ. ಇವರು ಬರಲಿಲ್ಲ. ಅಲ್ಲೇ ಇಡು ಎಂದರು.

ಮೊನ್ನೆಯ ರಿಪೋರ್ಟಿನಲ್ಲಿ ಟಿಎಸ್‌ಎಚ್ ಮತ್ತೆ ಏರಿದೆ. ಮಾತ್ರೆ ತಪ್ಪಿಸುತ್ತಿಲ್ಲ ತಾನೆ ಎಂದು ಡಾಕ್ಟರ್ ಎರಡೆರಡು ಸಲ ಕೇಳಿದರು. ಇಲ್ಲವೆಂದೆ. ನೂರಕ್ಕೆ ಬರೆದುಕೊಟ್ಟರು. ದನಿ ಮತ್ತೆ ದಪ್ಪವಾಗಿದೆ. ಇವರು ಮತ್ತೆ ಅಡುಗೆಮನೆಯಲ್ಲಿ ಕೂರುತ್ತಿದ್ದಾರೆ.

ಸಿಂಚನಾಗೆ ಚಿಕ್ಕಮ್ಮನ ಆಶೀರ್ವಾದ, ಪರೀಕ್ಷೆ ಚೆನ್ನಾಗಿ ಬರೆಯಲಿ. ಭಾವನಿಗೆ ನಮಸ್ಕಾರ. ಈ ಚಳಿ ನಿನ್ನ ಮಂಡಿಯ ತಂಟೆಗೆ ಬಾರದಿರಲಿ.

ನಿನ್ನ ತಂಗಿ
ಪ್ರೇಮಾ

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಬಿಟ್ಟದ್ದು: ಮಾತ್ರೆ ನುಂಗುವುದನ್ನು ನಾನೇ ನಿಲ್ಲಿಸಿದ್ದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ದನಿ ಕೇಳಿ ಇವರು ಒಂದು ದಿನವೂ ನನ್ನ ಹತ್ತಿರ ಬಂದು ಕೂತವರಲ್ಲ.

ನಿನ್ನೆ ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಅನ್ನ ಬಸಿಯುತ್ತಿದ್ದೆ. ನನ್ನ ಬಾಯಿಂದಲೇ ಮಾತು ಬಂತು: “ಪ್ರೇಮಾ, ಸಾಕು. ಮಾತ್ರೆ ತಗೊ.” ಅತ್ತೆಯೇ, ಅಕ್ಕ. ಇವತ್ತು ಬೆಳಗ್ಗೆ ಎದ್ದವಳೇ ಡಾಕ್ಟರಿಗೆ ಫೋನು ಮಾಡಿ ನಿಜ ಹೇಳಿದೆ. ಗದರಿದರು. ನೂರು ಬೇಡ, ಎಪ್ಪತ್ತೈದನ್ನೇ ತಪ್ಪಿಸದೆ ನುಂಗಿ ಮತ್ತೆ ರಕ್ತ ಕೊಡಿ ಎಂದರು. ನುಂಗಿದೆ.

ಸಂಜೆ ಇವರು ಬಂದು ಬೆನ್ನು ಮಾಡಿ ಕೂತರು. “ಅವ್ವ ಇನ್ನು ಬರಲ್ಲ. ನಾನು, ಪ್ರೇಮಾ” ಎಂದೆ, ಅದೇ ದಪ್ಪ ದನಿಯಲ್ಲಿ. ಕಾಫಿ ತಣ್ಣಗಾಗುವವರೆಗೂ ಕೂತೇ ಇದ್ದರು. ತಿರುಗಿ ನೋಡಲಿಲ್ಲ. ಎದ್ದೂ ಹೋಗಲಿಲ್ಲ.