ಪಾಸ್ಟರ್ ಕಾರನ್ನೂ ಅನರ್ಹಗೊಳಿಸಿದ ಮುಖ್ಯ ತಪಾಸಣಾಧಿಕಾರಿಗಳಿಗೆ

ಆಗಸ್ಟ್ ೧೯೬೬, ದಕ್ಷಿಣ ಕ್ಯಾರೊಲಿನಾ

ನಿಯಮಾವಳಿಯ ರಕ್ಷಕರಾದ ಮಾನ್ಯರೇ,

ಮೇ ತಿಂಗಳ ಮೂರನೇ ಭಾನುವಾರ ಪೈನ್ ಹಾಲೋ ರೇಸಿನಲ್ಲಿ ಹಾಯ್ಟ್ ಟೀಗ್ ಗೆದ್ದ. ಮೂರು ಗಂಟೆಗಳ ನಂತರ ತಾವು ಆ ಗೆಲುವನ್ನು ಕಿತ್ತುಕೊಂಡು, ಎರಡನೆಯದಾಗಿ ಬಂದ ವೆಸ್ಟರ್ಲಿ ಕಾರಿಗೆ ಕೊಟ್ಟಿರಿ. ನಮ್ಮ ಕೆಲ್ಟನ್ ಕಾರಿನ ಇಂಜಿನ್ ಹೆಡ್ಡು, ಅಂದರೆ ಇಂಜಿನ್ನಿನ ತಲೆಯ ಭಾಗ, ‘ಸಾರ್ವಜನಿಕರಿಗೆ ಮಾರಾಟವಾಗುವಂಥದ್ದಲ್ಲ’ ಎಂಬುದು ತಾವು ಕೊಟ್ಟ ಕಾರಣ. ಆ ಇಂಜಿನ್ ಜೋಡಿಸಿದವನು ನಾನು. ತಮ್ಮ ಕಚೇರಿಗೆ ಬರೆದ ಮೂರು ಪತ್ರಗಳು ಯಾವ ಡ್ರಾಯರಿನಲ್ಲಿ ವಿಶ್ರಾಂತಿ ಪಡೆಯುತ್ತಿವೆಯೋ ತಿಳಿಯದು. ಅದಕ್ಕೇ ನಾಲ್ಕನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಕಾರೇ ರೇಸಿನಲ್ಲಿ ಓಡಬೇಕು ಎನ್ನುತ್ತದೆ ತಮ್ಮ ನಿಯಮ. ಒಳ್ಳೆಯ ನಿಯಮ, ನನ್ನ ತಕರಾರಿಲ್ಲ. ಆದರೆ ಫೆಬ್ರವರಿಯಲ್ಲಿ ಕೆಲ್ಟನ್ ಕಂಪನಿಯ ಬೇರೆ ಕಾರುಗಳು ಎರಡು ರೇಸು ಗೆದ್ದ ವಾರದೊಳಗೆ ನಮ್ಮ ಕಾರಿಗೆ ಇರಲೇಬೇಕಾದ ಕನಿಷ್ಠ ತೂಕ ಏರಿತು; ಭಾರ ಹೆಚ್ಚಿದರೆ ಓಟ ತಗ್ಗುತ್ತದೆ. ಮಾರ್ಚಿನಲ್ಲಿ ವೆಸ್ಟರ್ಲಿ ಕಂಪನಿಯವರು ಸೋತು, ಮುನಿಸಿಕೊಂಡು, ‘ನಮ್ಮ ಕಾರುಗಳನ್ನು ವಾಪಸು ಕರೆಸಿಕೊಳ್ಳುತ್ತೇವೆ’ ಎಂದೊಡನೆ ಅವರ ಕಾರಿನ ತೂಕ ಇಳಿಯಿತು. ಎರಡೂ ಕಾಕತಾಳೀಯವೆಂದು ತಾವು ಹೇಳಿದ್ದೀರಿ. ಕಾಕತಾಳೀಯಕ್ಕೂ ಒಂದು ನೆಚ್ಚಿನ ಕಂಪನಿ ಇರುತ್ತದೆಯೇ ಸ್ವಾಮಿ?

ನಮ್ಮೂರ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ವಾಫರ್ಡ್ ಜನವರಿಯಲ್ಲೇ ಶೋರೂಮಿನಿಂದ ಅದೇ ಹೆಡ್ಡಿನ ಕೆಲ್ಟನ್ ಕೊಂಡಿದ್ದರು. ತಮ್ಮ ತೀರ್ಪಿನ ವಿರುದ್ಧ ನಾವು ಸಲ್ಲಿಸಿದ ಮೇಲ್ಮನವಿಯ ವಿಚಾರಣೆಯ ದಿನ ಸಾಕ್ಷಿಗೆಂದು ಅವರನ್ನು ಕಾರಿನ ಸಮೇತ ತಮ್ಮ ತಪಾಸಣಾ ಶೆಡ್ಡಿಗೇ ಕರೆತಂದೆ. ಹಿಂದಿನ ಸೀಟಿನಲ್ಲಿ ಪ್ರಾರ್ಥನಾ ಗೀತೆಗಳ ಪುಸ್ತಕಗಳ ಕಟ್ಟು, ಪಕ್ಕದಲ್ಲಿ ಚರ್ಚಿನ ಊಟಕ್ಕೆಂದು ಅವರ ಪತ್ನಿ ಮಾಡಿಕೊಟ್ಟ ಬಾಳೆಹಣ್ಣಿನ ಪುಡ್ಡಿಂಗು. ತಮ್ಮ ಸಹಾಯಕರು ಬಾನೆಟ್ ಎತ್ತಿ, ಅಳತೆ ತೆಗೆದು, ತಲೆಯಾಡಿಸಿದರು.

“ಇದೂ ನಿಯಮದ ಪ್ರಕಾರ ಇಲ್ಲ, ಪಾಸ್ಟ್ರೇ.”

“ಅಯ್ಯೋ ತಮ್ಮಾ, ನಾನೇನು ರೇಸಿಗೆ ಬಂದಿದೀನಾ? ಇದ್ರಲ್ಲಿ ಮದುವೆ ಮನೆಗೆ, ಸಾವಿನ ಮನೆಗೆ ಹೋಗ್ತೀನಪ್ಪ.”

“ಎಲ್ಲಿಗಾದ್ರೂ ಹೋಗಿ. ಆದ್ರೆ ಇದು ಸಾರ್ವಜನಿಕರು ಓಡಿಸೋ ಕಾರಲ್ಲ.”

“ಹಾಗಾದ್ರೆ ನಾನ್ಯಾರು?”

ಪುಡ್ಡಿಂಗನ್ನು ಮಾತ್ರ ತಮ್ಮ ಸಹಾಯಕರು ಯಾವ ತಪಾಸಣೆಯೂ ಇಲ್ಲದೆ ಅಂಗೀಕರಿಸಿದರು.

ಮರುದಿನ ನಾನು ಕೋಟು ಹಾಕಿಕೊಂಡು, ಹೆಂಡತಿ ಲುರ್ಲೀನ್‌ಳನ್ನು ಕರೆದುಕೊಂಡು ವೆಸ್ಟರ್ಲಿ ಶೋರೂಮಿಗೆ ಹೋದೆ. ಪೈನ್ ಹಾಲೋದಲ್ಲಿ ‘ಗೆದ್ದ’ ಕಾರಿನ ಇಂಜಿನ್ನೇ ಬೇಕೆಂದು ಕೇಳಿದೆ. ಅಲ್ಲಿದ್ದವನು ನಕ್ಕುಬಿಟ್ಟ.

“ಯಜಮಾನ್ರೇ, ಅದನ್ನ ನಾನೇ ಕಣ್ಣಾರೆ ನೋಡಿಲ್ಲ. ಫೋಟೋ ಇದೆ, ಬೇಕಾ?”

“ಫೋಟೋ ಎಷ್ಟು ಸ್ಪೀಡಲ್ಲಿ ಓಡುತ್ತಪ್ಪಾ?” ಎಂದಳು ಲುರ್ಲೀನ್.

ಕಾರು ಕೊಂಡು ಓಡಿಸುವ ಪಾಸ್ಟರ್ ಸಾರ್ವಜನಿಕರಲ್ಲ; ಯಾರ ಕಣ್ಣಿಗೂ ಬೀಳದ ಇಂಜಿನ್ ಸಾರ್ವಜನಿಕರದು. ಇದನ್ನು ಕಂಡುಹಿಡಿಯಲು ತಾವು ಎಷ್ಟು ಓದಿರಬೇಕು!

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಾನೇನೂ ಸಾಚಾ ಅಲ್ಲ. ತೂಕ ಹಾಕುವ ಮುಂಚೆ ಕಾರಿನ ಚೌಕಟ್ಟಿನೊಳಗೆ ಸೀಸದ ಗುಂಡು ತುಂಬಿ, ರೇಸು ಶುರುವಾದ ಮೇಲೆ ಟ್ರ್ಯಾಕಿನುದ್ದಕ್ಕೂ ಉದುರಿಸಿದವನು ನಾನು. ಆಗ ತಾವೇ ನನ್ನ ಬೆನ್ನು ತಟ್ಟಿ, “ಎಲ್ಲಾ ಸರಿ ಇದೆ ಮಿಲ್ಟ್, ಹೋಗು” ಎಂದಿದ್ದಿರಿ. ನಮ್ಮ ಕಸುಬಿನಲ್ಲಿ ಇದನ್ನು ಯಾರೂ ಪಾಪವೆಂದುಕೊಳ್ಳುವುದಿಲ್ಲ, ಕೈಚಳಕವೆನ್ನುತ್ತಾರೆ. ಆದರೆ ಈ ವರ್ಷ ಹಾಯ್ಟ್ ನನ್ನ ಕೈ ಕಟ್ಟಿಹಾಕಿದ್ದ. ವಾರವಿಡೀ ಹತ್ತಿ ಗಿರಣಿಯಲ್ಲಿ ದುಡಿದು ಭಾನುವಾರ ಸ್ಟೇರಿಂಗ್ ಹಿಡಿಯುವವನು ಅವನು; ಐವತ್ತೊಂದು ವಯಸ್ಸು, ಇಪ್ಪತ್ತೆರಡು ವರ್ಷದ ಓಟ, ಅವತ್ತಿನವರೆಗೆ ಒಂದೂ ಗೆಲುವಿಲ್ಲ.

“ಗೆದ್ರೆ ನೆಟ್ಟಗೆ ಗೆಲ್ಬೇಕು ಕಣೋ. ನಿನ್ನ ಸೀಸ ಗೀಸ ಎಲ್ಲಾ ಆಚೆ ಇಡು” ಎಂದಿದ್ದ.

ಇಟ್ಟೆ. ನನ್ನಾಣೆಗೂ ಇಟ್ಟೆ. ನೆಟ್ಟಗೇ ಗೆದ್ದ.

ಹೋದ ವಾರ ಅವನು ನನ್ನ ಗ್ಯಾರೇಜಿಗೆ ಬಂದ. ಮೊದಲೇ ಬಿಗಿಯಾಗಿದ್ದ ಬೋಲ್ಟನ್ನು ಸ್ಪ್ಯಾನರ್ ಹಿಡಿದು ಇನ್ನೂ ಬಿಗಿ ಮಾಡುತ್ತಾ, ನನ್ನ ಮುಖ ನೋಡದೆ ಕೇಳಿದ:

“ನಿಜ ಹೇಳೋ ಮಿಲ್ಟ್. ಅವತ್ತು ಏನಾದ್ರೂ ಮಾಡಿದ್ಯಾ?”

“ಇಲ್ಲ ಕಣೋ. ನಿನಗೆ ಮಾತು ಕೊಟ್ಟಿರ್ಲಿಲ್ವಾ?”

“ಹೂಂ” ಎಂದ. ಮೂವತ್ತು ವರ್ಷದಿಂದ ಅವನನ್ನು ಬಲ್ಲೆ. ಅದು ನಂಬಿದವನ ಹೂಂ ಅಲ್ಲ. ಸ್ಪ್ಯಾನರನ್ನು ಒರೆಸಿ, ಜಾಗದಲ್ಲಿಟ್ಟು ಹೋದವನು ಮತ್ತೆ ಬಂದಿಲ್ಲ. ಸೆಪ್ಟೆಂಬರ್ ರೇಸಿಗೆ ಹೆಸರನ್ನೂ ಕೊಟ್ಟಿಲ್ಲ. ನನಗೆ ಸಂಕಟವಾಗುತ್ತಿರುವುದು ಇದಕ್ಕೆ. ತಾವು ಗೆಲುವನ್ನು ಕಸಿದಾಗ ಬೈದು ಸುಮ್ಮನಾಗಿದ್ದೆ. ಗೆಳೆಯ ಬಾಗಿಲು ದಾಟಿ ಹೋದಾಗ ಕೂತು ಅತ್ತೆ.

ಆದ್ದರಿಂದ ನನ್ನ ಬೇಡಿಕೆ. ಸೆಪ್ಟೆಂಬರ್ ರೇಸಿನ ಬೆಳಿಗ್ಗೆ ಪ್ರೇಕ್ಷಕರ ಎದುರು ಎರಡೂ ಕಂಪನಿಯ ಇಂಜಿನ್ ಬಿಚ್ಚಿಸಿ, ಒಂದೇ ಅಳತೆಪಟ್ಟಿ ಹಿಡಿಯಿರಿ. ಅದಕ್ಕೆ ಧೈರ್ಯ ಸಾಲದಿದ್ದರೆ ಬೇಡ. ಗೆಲುವು, ಟ್ರೋಫಿ, ದಾಖಲೆ ಎಲ್ಲವನ್ನೂ ವೆಸ್ಟರ್ಲಿಯವರೇ ಇಟ್ಟುಕೊಳ್ಳಲಿ. ಆದರೆ ತಮ್ಮ ಸಹಿ, ಮೊಹರು ಹಾಕಿ ಹಾಯ್ಟ್ ಟೀಗ್‌ಗೆ ಒಂದು ಸಾಲು ಬರೆಯಿರಿ: ‘ಆ ದಿನ ನಿನ್ನ ಕಾರಿನಲ್ಲಿ ಮೋಸವಿರಲಿಲ್ಲ.’ ನನಗೆ ಬರೆಯಬೇಡಿ, ಅವನಿಗೇ ಬರೆಯಿರಿ. ನಾನು ಹೇಳಿದರೆ ಅವನು ನಂಬುವುದಿಲ್ಲ.

ಇಂತಿ,
ಎಷ್ಟೋ ಮೋಸಗಳಲ್ಲಿ ಪಾರಾಗಿ, ಮೋಸ ಮಾಡದ ಒಂದೇ ಒಂದು ಸಲ ಸಿಕ್ಕಿಬಿದ್ದ
ಮಿಲ್ಟನ್ ಗ್ರಬ್ಸ್, ಮೆಕ್ಯಾನಿಕ್