ಟ್ರೈಲರಿನ ಸರಪಳಿ

ಜನವರಿ ೨೧, ಹೆಗ್ಗದ್ದೆ

ಆನೆ ಬಂದರೆ ಊರಿಗೆ ತಿಳಿಸುವ ವಾಟ್ಸಾಪ್ ಗ್ರೂಪಿನಲ್ಲಿ ಇವತ್ತು ಮತ್ತೆ ಮೆಸೇಜು: "ಹೆಗ್ಗದ್ದೆ ಕಡೆ ಒಂಟಿ ಸಲಗ, ಯಾರೂ ಹೊರಗೆ ಬರಬೇಡಿ." ಕಳುಹಿಸಿದ ನಂಬರ್ ಯಾರದೋ. ಕಳೆದ ವಾರವೂ ಹೀಗೇ ಬಂದಿತ್ತು. ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ಬೆಳಗ್ಗೆ ನೋಡಿದರೆ ಲದ್ದಿಯಿಲ್ಲ, ಹೆಜ್ಜೆಯಿಲ್ಲ. ಪಕ್ಕದ ತೋಟದ ಮಹಾದೇವಯ್ಯನವರ ಟ್ರೈಲರೂ ಇರಲಿಲ್ಲ.

ಭತ್ತದ ಮೂಟೆ ತುಂಬಿದ ನಮ್ಮ ಟ್ರೈಲರನ್ನು ಇವರು ಸಂಜೆಯೇ ಹಲಸಿನ ಮರಕ್ಕೆ ಸರಪಳಿಯಿಂದ ಬಿಗಿದು ಬೀಗ ಹಾಕಿದ್ದಾರೆ. ಈಗ ಆ ಸರಪಳಿ ಸದ್ದು ಮಾಡುತ್ತಿದೆ. ಟಾರ್ಚ್ ತೆಗೆದುಕೊಂಡು ಎದ್ದವರ ಕೈ ಹಿಡಿದೆ.

"ಬುಡು, ಅದು ಕಳ್ರೇ ಕಣೆ."

"ಆನೆ ಆಗಿದ್ರೆ? ಹೋಗ್ಬೇಡಿ ಕಣ್ರೀ."

ಕೂತುಬಿಟ್ಟರು. ನಾನು ಕಿವಿಯನ್ನು ಹೊರಗಿಟ್ಟು ಬರೆಯುತ್ತಿದ್ದೇನೆ. ಆನೆಯಾದರೆ ಕಾಫಿ ಗಿಡ ಮುರಿಯುವ ಸದ್ದು ಕೇಳಲೇಬೇಕು. ದೇವರೇ, ಅದು ಆನೆಯೇ ಆಗಿರಲಿ.

ಒಂದು ಕೊಂಬೆಯೂ ಮುರಿಯುತ್ತಿಲ್ಲ.