ಗುಡಿಸಿದ ತೋಟ, ಹೊದಿಸಿದ ತೋಟ

ಅತ್ತೆಮ್ಮಾ,

ನಾನು, ನಿಮ್ಮ ಸೊಸೆ ಶಾರದ. ಬೈಯಲು ನೀವು ಎದುರಿಗಿಲ್ಲ ಎಂಬ ಧೈರ್ಯದಲ್ಲೇ ಹೇಳಿಬಿಡುತ್ತೇನೆ: ತೋಟದಲ್ಲಿ ಈಗ ಕಸ ಗುಡಿಸುವುದಿಲ್ಲ. ಬಿದ್ದ ತೆಂಗಿನ ಗರಿ, ಸುಲಿದ ಕಾಯಿಯ ಸಿಪ್ಪೆ, ಹೊಂಗೆ ಸೊಪ್ಪು ಎಲ್ಲವೂ ಮರದ ಪಾತಿಗೇ. ಬಿಸಿಲು ನೆಲ ಮುಟ್ಟದ ಹಾಗೆ ಮುಚ್ಚಿಬಿಟ್ಟಿದ್ದೇನೆ. ಮುಖ ಸಿಂಡರಿಸಬೇಡಿ, ಪೂರ್ತಿ ಕೇಳಿ.

ನಾನು ಕಣಕಟ್ಟೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಬೆಳಗಾಗುವ ಮೊದಲೇ ನೀವು ಕಡ್ಡಿಪೊರಕೆ ಹಿಡಿದು ತೋಟದಲ್ಲಿರುತ್ತಿದ್ದಿರಿ. ಅಂಗಳ ಗುಡಿಸುವವರನ್ನು ಕಂಡಿದ್ದೆ, ತೋಟ ಗುಡಿಸುವವರನ್ನು ಕಂಡಿರಲಿಲ್ಲ. ಮರದ ಸಾಲುಗಳ ನಡುವೆ ಎಲೆ ಹಾಕಿ ಊಟ ಬಡಿಸಬಹುದಿತ್ತು, ಅಷ್ಟು ಚೊಕ್ಕಟ. ಒಳ್ಳೆಯ ಗರಿಯೆಲ್ಲ ಹಂಡೆ ಒಲೆಗೆ, ಉಳಿದದ್ದಕ್ಕೆ ಅಲ್ಲೇ ಬೆಂಕಿ. ದಾರಿಯಲ್ಲಿ ಹೋಗುವವರು ನಿಂತು ಗೌರಮ್ಮನ ತೋಟ ನೋಡಿ ಎಂದು ಹೊಗಳಿದರೆ, ಕೇಳಿಸಲಿಲ್ಲವೆಂಬಂತೆ ಇನ್ನೂ ಜೋರಾಗಿ ಗುಡಿಸುತ್ತಿದ್ದಿರಿ. ಸುಳ್ಳಾ?

ಅರಸೀಕೆರೆಯಲ್ಲಿ ರೈತರ ತರಬೇತಿ ಮುಗಿಸಿ ಬಂದ ಸಂಜೆ ನೆನಪಿದೆಯೇ? ಬೇಸಿಗೆಯಲ್ಲಿ ನೆಲಕ್ಕೆ ಹೊದಿಕೆ ಹಾಕಬೇಕಂತೆ ಎಂದೆ. ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಿದಿರಿ.

“ಬ್ಯಾಸಗೇಲಿ ಹೊದಿಸ್ತಾರಾ? ನೆಲಕ್ಕೇನು ಚಳಿಜ್ವರ ಬಂದೈತಾ?”

ನನ್ನ ತವರನ್ನು ಎತ್ತಿ, ಮಾದಿಹಳ್ಳಿಯ ಗದ್ದೆಯವಳಿಗೆ ತೆಂಗಿನ ವಿಷಯ ಏನು ಗೊತ್ತು ಎಂದು ಬೇರೆ ಅಂದಿರಿ. ನಾನು ಬಿಡುವವಳೇ? ಕೊನೆಗೆ ಬೋರ್‌ವೆಲ್ ನೀರು ಸರಿಯಾಗಿ ಹತ್ತದ ಮೇಲಿನ ಸಾಲುಗಳನ್ನು ನನಗೆ ಬಿಟ್ಟಿರಿ. ಕೆಳಗಿನವು ನಿಮ್ಮವು. ನನ್ನ ಗರಿ ಗಾಳಿಗೆ ಹಾರಿ ಆಚೆ ಬಿದ್ದರೆ ಎತ್ತಿ ಈಚೆಗೆ ಎಸೆಯುತ್ತಿದ್ದಿರಿ.

ಮೊದಲ ಸಲ ಬುಡಕ್ಕೆ ತಾಗಿಸಿ ಪೇರಿಸಿದ್ದಕ್ಕೆ ಗೆದ್ದಲು ಹತ್ತಿತು. ನಿಮಗೆ ಎಂಥ ಖುಷಿ! ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದಿರಿ. ಈಗ ಬುಡದಿಂದ ಗೇಣು ಜಾಗ ಬಿಟ್ಟು ಸುತ್ತ ಹರಡುತ್ತೇನೆ, ಗೆದ್ದಲಿನ ಸುಳಿವಿಲ್ಲ. ಆ ಮಾತನ್ನು ನಿಮ್ಮ ಎದುರಿಗೇ ನಿಂತು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನೀವು...

ಮಾವನ ಪಕ್ಕದಲ್ಲೇ, ತೋಟದ ಮೂಲೆಯ ಹೊಂಗೆ ಮರದ ಕೆಳಗೆ ನಿಮ್ಮನ್ನು ಮಣ್ಣು ಮಾಡಿದೆವು. ಆಮೇಲೆ ಕೆಳಗಿನ ಸಾಲುಗಳಿಗೂ ಹೊದಿಸಿದೆ. ನಿಮ್ಮ ಮಗ ಬೇಡ ಎನ್ನಲಿಲ್ಲ. ಆದರೆ ವರ್ಷದ ಎಡೆಗೆ ಹಗರೆಯಿಂದ ನಿಮ್ಮ ಮಗಳು ಭಾಗ್ಯ ಬಂದಳಲ್ಲ, ತೋಟದ ಬಾಯಲ್ಲೇ ನಿಂತುಬಿಟ್ಟಳು.

“ಅತ್ತಿಗೆ, ಅವ್ವ ಕಣ್ಮುಚ್ಚಲಿ ಅಂತಾನೇ ಕಾಯ್ತಿದ್ಯಾ?”

ಎದೆಗೆ ಚುಚ್ಚಿತು, ಅತ್ತೆಮ್ಮಾ. ಇಷ್ಟು ವರ್ಷ ನಿಮ್ಮ ಜೊತೆ ಜಗಳವಾಡಿಕೊಂಡೇ ಬಾಳಿದವಳು ನಾನು. ನಿಮ್ಮ ಸಾವಿಗೆ ಕಾಯುತ್ತೇನೆಯೇ?

ಅವಳ ಕೈ ಹಿಡಿದು ಕರೆದೊಯ್ದೆ. ಒಂದು ಪಾತಿಯ ಗರಿ ಸರಿಸಿ, ಮಣ್ಣಿಗೆ ಕೈ ಹಾಕು ಎಂದೆ. ಉರಿ ಬೇಸಿಗೆ, ವಾರದಿಂದ ನೀರು ಬಿಟ್ಟಿರಲಿಲ್ಲ, ಆದರೂ ಮಣ್ಣು ತಣ್ಣಗೆ ಬೆರಳಿಗೆ ಅಂಟಿತು. ಎರೆಹುಳು ಕಂಡು ಕೈ ಹಿಂದೆಳೆದುಕೊಂಡಳು. ಪಕ್ಕದ ತೋಟದಲ್ಲಿ ತೆಂಗಿನ ಎಳೆ ಮಿಡಿಯೆಲ್ಲ ಉದುರಿ ನೆಲದ ಮೇಲಿತ್ತು, ನಮ್ಮಲ್ಲಿ ಗೊನೆಯಲ್ಲೇ ನಿಂತಿತ್ತು. ಗೆದ್ದೆ ಅಂದುಕೊಂಡೆ. ಭಾಗ್ಯ ಸುತ್ತ ಒಮ್ಮೆ ನೋಡಿದಳು.

“ತೋಟವೇನೋ ಚೆನ್ನಾಗೈತೆ ಅತ್ತಿಗೆ. ಅವ್ವ ಮಾತ್ರ ಎಲ್ಲೂ ಕಾಣಾಕಿಲ್ಲ.”

ಇದಕ್ಕೆ ಯಾವ ತರಬೇತಿಯಲ್ಲಿ ಉತ್ತರ ಹೇಳಿಕೊಡುತ್ತಾರೆ? ಅವಳು ಬಸ್ಸು ಹತ್ತಿದ ಮೇಲೆ ನಿಮ್ಮ ಹತ್ತಿರ ಬಂದೆ. ನೀವು ಮಲಗಿರುವ ಜಾಗದ ಮೇಲೆ ಹೊಂಗೆ ಎಲೆ ದಪ್ಪಗೆ ಬಿದ್ದಿತ್ತು. ಇರಲಿ, ತಂಪು ಎಂದು ನಾನೇ ಬಿಟ್ಟಿದ್ದೆ. ನಿಮಗೆ ಎಷ್ಟು ಕಸಿವಿಸಿಯಾಗಿತ್ತೋ, ಪಾಪ.

ತೋಟದ ವಿಷಯದಲ್ಲಿ ನಾನು ಸೋತಿಲ್ಲ, ತಿಳಿಯಿತೇ? ಮರಗಳಿಗೆ ಹೊದಿಸುವುದನ್ನು ಯಾರು ಹೇಳಿದರೂ ಬಿಡುವುದಿಲ್ಲ. ಆದರೆ ಆ ಮೂಲೆ ನಿಮ್ಮದು. ಅವತ್ತಿನಿಂದ ದಿನಾ ಬೆಳಗ್ಗೆ ಅಲ್ಲಿ ನಾನೇ ಗುಡಿಸುತ್ತಿದ್ದೇನೆ. ಇವತ್ತೂ ಗುಡಿಸಿ, ಕೈ ತೊಳೆದು, ಇದನ್ನು ಬರೆಯಲು ಕೂತಿದ್ದೇನೆ. ಒಂದೇ ಒಂದು ಎಲೆ ಇದ್ದರೆ ಕೇಳಿ, ಅತ್ತೆಮ್ಮಾ.

ನಿಮ್ಮ ಶಾರದ